ಒಡೆದ ಹಾಲು, ಉಳಿದ ನೀರು

ಕನ್ನಡದಲ್ಲಿ ಮನೆ ಒಡೆಯುತ್ತದೆ, ಮನಸ್ಸು ಒಡೆಯುತ್ತದೆ, ಹಾಲೂ ಒಡೆಯುತ್ತದೆ. ಮೂರಕ್ಕೂ ಕ್ರಿಯಾಪದ ಒಂದೇ, ಮೂರೂ ಮನೆಮಂದಿಗೆ ಬೇಡದ ಸುದ್ದಿ. ಅದೇ ಹಾಲನ್ನು ಉಗುರುಬೆಚ್ಚಗೆ ಆರಿಸಿ ಅರ್ಧ ಚಮಚ ಮಜ್ಜಿಗೆ ಬೆರೆಸಿಟ್ಟರೆ ಅದು ಒಡೆಯಿತೆಂದು ಯಾರೂ ಹೇಳುವುದಿಲ್ಲ, ಹೆಪ್ಪುಗಟ್ಟಿತು ಎನ್ನುತ್ತೇವೆ. ಹೊಸ ಮನೆ ಹೊಕ್ಕ ದಿನ ಹಾಲು ಉಕ್ಕಿದರೆ ಶುಭ. ಉಕ್ಕಬೇಕಾದ ಹಾಲು ಒಡೆದರೆ ಹಿರಿಯರ ಮುಖ ಸಣ್ಣದಾಗುತ್ತದೆ. ಮಾತಿನಲ್ಲೇ ಇಂಥ ಅಳುಕು ಇರುವಾಗ, ಬೇಕೆಂದೇ ಹಾಲು ಒಡೆಸಿ ಗಟ್ಟಿಯನ್ನು ತಿನ್ನುವ ವಿದ್ಯೆ ನಮ್ಮದಲ್ಲ, ಅದನ್ನು ಹೊರಗಿನವರು ಬಂದು ಕಲಿಸಿದರು ಎಂಬ ಮಾತನ್ನು ನಾವು ಸುಲಭವಾಗಿ ಒಪ್ಪಿಬಿಡುತ್ತೇವೆ. ಪನೀರಿನ ಚರಿತ್ರೆಯೆಂದು ಸಾಮಾನ್ಯವಾಗಿ ಹೇಳುವ ಕತೆಯೂ ಇದೇ: ಹೆಸರು ಪರ್ಷಿಯಾದ್ದು, ವಿದ್ಯೆ ಪೋರ್ಚುಗೀಸರದ್ದು, ನಮ್ಮದು ನಾಲಿಗೆ ಮಾತ್ರ. ಈ ಕತೆ ಅರ್ಧ ತಪ್ಪು ಎಂಬುದು ನನ್ನ ವಾದ. ಹಾಲು ಒಡೆಸುವ ಕೆಲಸ ಈ ನೆಲದಲ್ಲಿ ಬಹಳ ಹಳೆಯದು. ಅದರ ಎರಡು ಗಟ್ಟಿ ಸಾಕ್ಷಿಗಳು ಕನ್ನಡ ನಾಡಿನ ಚಾಳುಕ್ಯರ ಕಾಲದಲ್ಲೇ ಇವೆ. ನಮಗೆ ನಿಜವಾಗಿ ಹೊಸದಾಗಿರುವುದು ಬೇರೆಯೇ ಒಂದು ಅಭ್ಯಾಸ: ಗಟ್ಟಿಯನ್ನು ಎತ್ತಿಕೊಂಡು ನೀರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಚೆಲ್ಲುವುದು.

ವಾದಕ್ಕೆ ಮೊದಲು ವಸ್ತುವನ್ನೇ ನೋಡಬೇಕು. ಒಂದು ಲೀಟರ್ ಗಟ್ಟಿ ಹಾಲನ್ನು ಕುದಿಸಿ, ಉರಿ ಆರಿಸಿ, ಒಂದೆರಡು ನಿಮಿಷ ಬಿಟ್ಟು, ನೀರು ಬೆರೆಸಿದ ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಸೌಟಿನಿಂದ ಮೆಲ್ಲಗೆ ತಿರುವಬೇಕು. ಮೊದಲು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಸೌಟಿನ ಅಂಚಿಗೆ ಸಣ್ಣ ಹರಳು ಅಂಟುತ್ತವೆ, ಇನ್ನೊಂದು ಚಮಚ ಹುಳಿ ಬಿದ್ದ ಕೂಡಲೇ ಬಿಳಿಯದೆಲ್ಲ ಮುದ್ದೆಮುದ್ದೆಯಾಗಿ ಕೂಡಿಕೊಂಡು ನಡುವೆ ತಿಳಿನೀರು ತೆರೆದುಕೊಳ್ಳುತ್ತದೆ. ಆ ನೀರಿಗೆ ತೆಳುವಾದ ಹಸಿರು ಛಾಯೆ ಇರುತ್ತದೆ. ಅದು ಹಾಲಿನಲ್ಲಿರುವ ಬಿ2 ಜೀವಸತ್ವದ ಬಣ್ಣ. ಹಾಲು ಬೆಳ್ಳಗಿರುವ ತನಕ ಕಣ್ಣಿಗೆ ಬೀಳದೆ, ಹಾಲು ಒಡೆದ ಮೇಲಷ್ಟೇ ಕಾಣುತ್ತದೆ. ನೀರು ಇನ್ನೂ ಹಾಲುಹಾಲಾಗಿದ್ದರೆ ಒಡೆತ ಪೂರ್ತಿಯಾಗಿಲ್ಲ ಎಂದು ಅರ್ಥ. ಹುಳಿ ಮಿತಿಮೀರಿದರೆ ಗಟ್ಟಿ ರಬ್ಬರಿನಂತಾಗುತ್ತದೆ. ತೆಳು ಬಟ್ಟೆಗೆ ಸುರಿದು ಹಿಂಡಿ, ಭಾರ ಹೇರಿ ನೀರಿಳಿಸಿದರೆ ಪನೀರ್. ಭಾರ ಹೇರದೆ ಮೆತ್ತಗೆ ನಾದಿದರೆ ಬಂಗಾಳದವರ ಛೇನಾ. ಹಾಲು ಆಕಳದಾದರೆ ಗಟ್ಟಿ ಸುಮಾರು 150 ಗ್ರಾಂ, ಎಮ್ಮೆಯದಾದರೆ 200 ಗ್ರಾಂ ಆಸುಪಾಸು. ಉಳಿದ ಮುಕ್ಕಾಲು ಪಾಲಿಗಿಂತ ಹೆಚ್ಚಿನದು ನೀರು, ಅಂದರೆ ಹಾಲೊಡಕು. ಈ ಕಸುಬಿನಲ್ಲಿ ಹೆಚ್ಚಾಗಿ ಹುಟ್ಟುವುದು ಪನೀರಲ್ಲ, ನೀರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯ ಕಡೆ ತಿರುಗಬೇಕು.

ಹೊರಗಿನಿಂದ ಬಂತು ಎನ್ನುವವರ ವಾದವನ್ನು ಅದರ ಪೂರ್ತಿ ಬಲದೊಂದಿಗೇ ಎದುರಿಸಬೇಕು. ಭಾರತೀಯ ಆಹಾರದ ಚರಿತ್ರೆಯನ್ನು ಬರೆದವರಲ್ಲಿ ಎದ್ದುಕಾಣುವ ಕೆ.ಟಿ. ಅಚ್ಚಯ ಅವರು 1994ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಈ ವಾದವನ್ನು ಮುಂದಿಟ್ಟರು. ಆರ್ಯ ಸಂಸ್ಕೃತಿಯಲ್ಲಿ ಹಾಲನ್ನು ಬೇಕೆಂದು ಒಡೆಸುವುದಕ್ಕೆ ನಿಷೇಧವಿತ್ತು. ಹೂಗ್ಲಿಯಲ್ಲಿ ನೆಲೆಸಿದ್ದ ಪೋರ್ಚುಗೀಸರು ತಮ್ಮ ಚೀಸಿನ ಅಭ್ಯಾಸದಿಂದ ಆ ನಿಷೇಧವನ್ನು ಸಡಿಲಿಸಿದರು. ಬಂಗಾಳದ ಛೇನಾ ಸಿಹಿಗಳು ಅಲ್ಲಿಂದ ಹುಟ್ಟಿದವು ಎಂಬುದು ಅದರ ಸಾರ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಕೃಷ್ಣನ ಕತೆಗಳಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ ಮತ್ತೆ ಮತ್ತೆ ಬರುತ್ತವೆ, ಒಡೆದ ಹಾಲಿನ ಗಟ್ಟಿ ಬರುವುದಿಲ್ಲ. ಮಥುರೆಯ ಹೆಸರಾಂತ ಸಿಹಿ ಪೇಡೆ. ಅದು ಖೋವಾದ್ದು, ಛೇನಾದ್ದಲ್ಲ. 17ನೇ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೆ, ಬಂಗಾಳ ಸಿಹಿತಿಂಡಿಗೆ ಹೆಸರುವಾಸಿ, ಅದರಲ್ಲೂ ಪೋರ್ಚುಗೀಸರಿರುವ ಊರುಗಳಲ್ಲಿ ಎಂದು ದಾಖಲಿಸಿದ್ದಾನೆ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನಿಷೇಧದ ವಾದ ನಿಲ್ಲುವಂತೆಯೇ ತೋರುತ್ತದೆ. ಆದರೆ ಇದು ಹೆಚ್ಚಾಗಿ ಮೌನದ ಮೇಲೆ ಕಟ್ಟಿದ ವಾದ. ಬರೆಯದೆ ಬಿಟ್ಟದ್ದನ್ನು ಸಾಕ್ಷಿಯಾಗಿ ಹಿಡಿಯುವ ಮೊದಲು ಬರೆದದ್ದನ್ನು ಓದಬೇಕಲ್ಲವೇ?

ಬರೆದದ್ದು ವೇದಕಾಲದ ಯಜ್ಞವಿಧಿಗಳಿಂದಲೇ ಸಿಗುತ್ತದೆ. ಚಾತುರ್ಮಾಸ್ಯವೆಂಬ ಋತುಯಜ್ಞಗಳ ಸಾಲಿನಲ್ಲಿ ಮೊದಲನೆಯದು ವಸಂತದಲ್ಲಿ ನಡೆಯುವ ವೈಶ್ವದೇವ ಪರ್ವ. ಅದರಲ್ಲಿ ಕಾಯಿಸಿದ ಬಿಸಿ ಹಾಲಿಗೆ ಮೊಸರನ್ನು ಸುರಿದು ಒಡೆಸುವ ವಿಧಿ ಇದೆ. ಬೇರ್ಪಟ್ಟ ಗಟ್ಟಿಯ ಹೆಸರು ಆಮಿಕ್ಷಾ, ಅದು ವಿಶ್ವೇದೇವರಿಗೆ. ಉಳಿದ ನೀರಿನ ಹೆಸರು ವಾಜಿನ. ಅದು ವಾಜಿಗಳೆಂಬ ದೇವತೆಗಳಿಗೆ. ಇಲ್ಲಿ ಗಮನಿಸಬೇಕಾದದ್ದು ಮೂರು. ಹಾಲು ತಾನಾಗಿ ಕೆಟ್ಟದ್ದಲ್ಲ, ಕೈಯಾರೆ ಒಡೆಸಿದ್ದು. ಒಡೆಸಿದ ಕ್ರಮ ಬಿಸಿ ಹಾಲಿಗೆ ಹುಳಿ ಹಾಕುವುದು, ಅಂದರೆ ಇವತ್ತು ಮನೆಯಲ್ಲಿ ಪನೀರ್ ಮಾಡುವ ಕ್ರಮವೇ. ಮೂರನೆಯದು, ಗಟ್ಟಿಗೂ ನೀರಿಗೂ ಬೇರೆ ಬೇರೆ ಹೆಸರಿದೆ, ಬೇರೆ ಬೇರೆ ದೇವತೆಯಿದೆ. ಹಾಲು ಒಡೆಸುವುದು ಪಾಪವೆಂದು ನಂಬಿದ ಸಮಾಜ ಅದನ್ನೇ ದೇವರಿಗೆ ಅರ್ಪಿಸುತ್ತಿರಲಿಲ್ಲ. ಯಜ್ಞದ ಮಾತು ಬೇರೆ, ಊಟದ ಮಾತು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನಿಷೇಧವಿತ್ತೆನ್ನುವ ವಾದ ಧಾರ್ಮಿಕ ನಿಷೇಧದ್ದು. ಅದಕ್ಕೆ ಧರ್ಮಕಾರ್ಯದ ಕೇಂದ್ರದಿಂದಲೇ ಉತ್ತರ ಬರುತ್ತಿರುವಾಗ ಬೇರೆ ಸಾಕ್ಷಿಯ ಅಗತ್ಯ ಕಡಿಮೆ.

ಈ ನೀರಿನ ಬಗ್ಗೆ ನಮ್ಮವರು ಶಾಸ್ತ್ರೀಯವಾಗಿ ಜಗಳವಾಡಿದ್ದೂ ಉಂಟು. ಎರಡು ಸಾವಿರ ವರ್ಷ ಹಿಂದಿನ ಜೈಮಿನಿಯ ಮೀಮಾಂಸಾಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ, ಆಮೇಲೆ ಅದಕ್ಕೆ ಶಬರಸ್ವಾಮಿ ಬರೆದ ಭಾಷ್ಯದಲ್ಲಿ, ಒಂದು ಪ್ರಶ್ನೆ ಎತ್ತಲಾಗಿದೆ: ಬಿಸಿ ಹಾಲಿಗೆ ಮೊಸರು ಸುರಿಯುವ ಕ್ರಿಯೆ ನಡೆಯುವುದು ಯಾವುದಕ್ಕಾಗಿ? ಒಂದೇ ಕ್ರಿಯೆಯಿಂದ ಗಟ್ಟಿಯೂ ನೀರೂ ಒಟ್ಟಿಗೆ ಹುಟ್ಟುತ್ತವೆ, ಎರಡೂ ದೇವತೆಗಳಿಗೆ ಸಲ್ಲುತ್ತವೆ, ಹಾಗಾಗಿ ಎರಡೂ ಸಮಾನ ಉದ್ದೇಶಗಳೇ ಎಂಬುದು ಒಂದು ಪಕ್ಷ. ಅಲ್ಲ, ಉದ್ದೇಶ ಆಮಿಕ್ಷಾ ಮಾತ್ರ, ವಾಜಿನ ಜೊತೆಗೆ ಬರುವಂಥದ್ದು ಎಂಬುದು ಸಿದ್ಧಾಂತ. ಇದರ ವ್ಯಾವಹಾರಿಕ ಫಲವೂ ಇದೆ: ಗಟ್ಟಿ ಹಾಳಾದರೆ ಮತ್ತೆ ಹಾಲು ಒಡೆಸಬೇಕು, ನೀರು ಹಾಳಾದರೆ ಅದಕ್ಕಾಗಿಯೇ ಮತ್ತೆ ಒಡೆಸಬೇಕಾಗಿಲ್ಲ. ಉಪಉತ್ಪನ್ನ ಎಂಬ ಕಲ್ಪನೆಯನ್ನು ಇಷ್ಟು ಖಚಿತವಾಗಿ ವಿವೇಚಿಸಿದ ಹಳೆಯ ಚರ್ಚೆ ಸಿಗುವುದು ಅಪರೂಪ. ಆದರೆ ತೀರ್ಪು ನೀರಿನ ವಿರುದ್ಧ ಹೋಯಿತೆಂದು ಅವಸರಪಡಬಾರದು. ಉದ್ದೇಶವಲ್ಲ ಎಂದು ಹೇಳಿದ ಮೀಮಾಂಸಕರು ಚೆಲ್ಲಿಬಿಡಿ ಎಂದು ಹೇಳಲಿಲ್ಲ. ನೀರಿನ ದೇವತೆಯನ್ನು ಕಿತ್ತುಕೊಳ್ಳಲೂ ಇಲ್ಲ. ಬಯಸಿ ಮಾಡಿದ್ದಲ್ಲವಾದರೂ ಬಂದ ಮೇಲೆ ಅದಕ್ಕೂ ಸಲ್ಲಬೇಕಾದ ಜಾಗವಿದೆ ಎಂಬ ಈ ನಿಲುವು, ನಮ್ಮ ಚರಿತ್ರೆ ಬಿಟ್ಟುಕೊಟ್ಟ ಬಹುಮುಖ್ಯ ಪಾಠ.

ಯಜ್ಞಶಾಲೆಯ ಆಚೆ ಬಂದರೂ ಸಾಕ್ಷಿ ಬತ್ತುವುದಿಲ್ಲ. ಹಾಲಿಗೆ ಹೆಪ್ಪು ಹಾಕಲು ಯಾವ ಯಾವ ವಸ್ತು ಬಳಸಬಹುದು, ಯಾವುದರಿಂದ ಗಟ್ಟಿಯಾದದ್ದು ಯಾರಿಗೆ ಸಲ್ಲುತ್ತದೆ ಎಂದು ತೈತ್ತಿರೀಯ ಸಂಹಿತೆ ವಿಂಗಡಿಸುತ್ತದೆ. ಅದರ ಪಟ್ಟಿಯಲ್ಲಿ ಮುತ್ತುಗದ ತೊಗಟೆ, ಬೋರೆಹಣ್ಣು, ಅಕ್ಕಿ, ಮೊಸರು ಎಲ್ಲವೂ ಇವೆ. ಹಾಲನ್ನು ಗಟ್ಟಿ ಮಾಡಲು ಸಸ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದ ಜನರ ಮಾತಿದು. ಚರಕಸಂಹಿತೆಯ ಆಹಾರದ ಅಧ್ಯಾಯ ಪೀಯೂಷ, ಮೋರಟ, ಕಿಲಾಟ, ತಕ್ರಪಿಂಡಕ ಎಂಬ ಪದಾರ್ಥಗಳನ್ನು ಹೆಸರಿಸುತ್ತದೆ. ಪೀಯೂಷ ಎಂದರೆ ಕರು ಹಾಕಿದ ಹಸುವಿನ ಮೊದಲ ಹಾಲು, ನಮ್ಮ ಗಿಣ್ಣದ ಹಾಲು. ಕಿಲಾಟ, ತಕ್ರಪಿಂಡಕಗಳು ಒಡೆದ ಹಾಲಿನ ಗಟ್ಟಿಯ ಬಗೆಗಳು. ಇವು ಜೀರ್ಣಕ್ಕೆ ಭಾರ, ಜಠರಾಗ್ನಿ ಚೆನ್ನಾಗಿರುವವರಿಗೂ ನಿದ್ದೆ ಬಾರದವರಿಗೂ ಹಿತ ಎಂಬಂಥ ಗುಣವಿಚಾರ ಅಲ್ಲಿದೆ. ಯಾರೂ ತಿನ್ನದ ಪದಾರ್ಥಕ್ಕೆ ವೈದ್ಯ ಪಥ್ಯ ಬರೆಯುವುದಿಲ್ಲ. ಚರಕ ಗಿಣ್ಣದ ಹಾಲನ್ನೂ ಒಡೆದ ಹಾಲನ್ನೂ ಒಂದೇ ಸಾಲಿನಲ್ಲಿ ತಂದದ್ದು ನಮ್ಮ ಭಾಷೆಯಲ್ಲೂ ಉಳಿದಿದೆ: ಹೊರನಾಡಿನ ಚೀಸಿಗೆ ಕನ್ನಡ ನಿಘಂಟುಗಳು ಗಿಣ್ಣು ಎಂದೇ ಅರ್ಥ ಕೊಡುತ್ತವೆ. ಎರಡಕ್ಕೂ ನಂಟಿದೆ. ಮಾಮೂಲಿ ಹಾಲಿನಲ್ಲಿ ನೀರಿನೊಡನೆ ಹೋಗುವ ಜಾತಿಯ ಪ್ರೋಟೀನು ಗಿಣ್ಣದ ಹಾಲಿನಲ್ಲಿ ಹೇರಳವಾಗಿರುತ್ತದೆ; ಅದಕ್ಕೇ ಗಿಣ್ಣು ಹುಳಿಯ ಹಂಗಿಲ್ಲದೆ ಬರಿಯ ಹಬೆಗೇ ಗಟ್ಟಿಯಾಗುತ್ತದೆ.

ಇನ್ನು ಕನ್ನಡ ನಾಡಿನ ಸಾಕ್ಷಿ. ಕಲ್ಯಾಣ ಚಾಳುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ‘ಲೋಕೋಪಕಾರ’ವನ್ನು ಕನ್ನಡದಲ್ಲಿ ಬರೆದ. ಮಳೆಯ ಲಕ್ಷಣ, ಬಾವಿ ತೋಡುವ ಜಾಗ, ಗಿಡಮರಗಳ ಆರೈಕೆ, ಸುಗಂಧ, ವಿಷವೈದ್ಯ, ದನಗಳ ಚಿಕಿತ್ಸೆ, ಅಡುಗೆ ಇಂಥವೆಲ್ಲ ಸೇರಿದ, ಗೃಹಸ್ಥನ ಕೈಗೆ ಸಿಗಲೆಂದೇ ಬರೆದ ಗ್ರಂಥ ಅದು. ಎಮ್ಮೆ ಹಾಲನ್ನು ಗಟ್ಟಿ ಮಾಡಿ ಸಿಹಿಗೆ ಬಳಸುವ ಎರಡು ವಿಧಾನ ಅದರಲ್ಲಿದೆ. ಒಂದರಲ್ಲಿ ಹರಿವೆಯ ಬೇರು, ಇನ್ನೊಂದರಲ್ಲಿ ಜೌಗಿನಲ್ಲಿ ಬೆಳೆಯುವ, ಸಂಸ್ಕೃತದಲ್ಲಿ ಕೋಕಿಲಾಕ್ಷವೆನ್ನುವ ಮುಳ್ಳುಗಿಡದ ಎಲೆ. ಪೋರ್ಚುಗೀಸರು ಕಲ್ಲಿಕೋಟೆಯ ತೀರ ಮುಟ್ಟಿದ್ದು 1498ರಲ್ಲಿ; ಅದಕ್ಕೂ 470 ವರ್ಷ ಮೊದಲೇ ಕನ್ನಡದ ಓದುಗನೊಬ್ಬ ತನ್ನ ಹಿತ್ತಲ ಹರಿವೆ ಕಿತ್ತು ಹಾಲು ಗಟ್ಟಿ ಮಾಡುವುದನ್ನು ತನ್ನದೇ ಭಾಷೆಯಲ್ಲಿ ಓದಿಕೊಳ್ಳಬಹುದಾಗಿತ್ತು. ಚಾವುಂಡರಾಯ ಇದನ್ನು ಅಚ್ಚರಿಯ ವಿದ್ಯೆಯಾಗಿ ಹೇಳಿಲ್ಲ, ಪ್ರಾಯಶ್ಚಿತ್ತ ಬೇಕಾದ ತಪ್ಪಾಗಿಯೂ ಹೇಳಿಲ್ಲ. ಮಿಕ್ಕ ಅಡುಗೆಗಳ ಸಾಲಿನಲ್ಲಿ ಇದೂ ಒಂದು ಅಡುಗೆ. ಸಾಮಾನ್ಯ ಕೆಲಸವಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಡ.

ಒಂದು ಶತಮಾನ ಕಳೆದ ಮೇಲೆ ಅದೇ ವಂಶದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. 1130ರ ಆಸುಪಾಸಿನ ಕೃತಿ. ರಾಜಧಾನಿ ಕಲ್ಯಾಣ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅರಮನೆಯ ಊಟವನ್ನು ವಿವರಿಸುವ ಅನ್ನಭೋಗದ ಭಾಗದಲ್ಲಿ ಇಡ್ಲಿ, ದೋಸೆ, ವಡೆಗಳ ಪೂರ್ವಜರ ಜೊತೆ ಕ್ಷೀರಪ್ರಕಾರ ಎಂಬ ಸಿಹಿಯೂ ಬರುತ್ತದೆ. ಕಾದ ಹಾಲಿಗೆ ಹುಳಿ ಬೆರೆಸಿ ಒಡೆಸಿ, ಬಟ್ಟೆಯಲ್ಲಿ ಸೋಸಿ ನೀರು ತೆಗೆದು, ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ನಾದಿ, ಆಕಾರ ಕೊಟ್ಟು ತುಪ್ಪದಲ್ಲಿ ಕರಿದು ಸಕ್ಕರೆಯಲ್ಲಿ ಅದ್ದುವುದು ಅದರ ಕ್ರಮ. ಈ ಹಂತಗಳನ್ನು ಒಬ್ಬ ಮಿಠಾಯಿಗಾರನ ಮುಂದೆ ಓದಿದರೆ ಅವನಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಬಟ್ಟೆ, ಹುಳಿ, ನಾದುವ ಕೈ, ಪಾಕ ಎಲ್ಲವೂ ಅವನಿಗೆ ಪರಿಚಿತ. ಇವತ್ತು ರಸಗುಲ್ಲ ಯಾರದೆಂಬ ಬಗ್ಗೆ ಬಂಗಾಳಕ್ಕೂ ಒಡಿಶಾಕ್ಕೂ ಪೈಪೋಟಿ. ಬಂಗಾಳದ ರಸಗುಲ್ಲಕ್ಕೆ 2017ರಲ್ಲಿ, ಒಡಿಶಾದ್ದಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಪೈಪೋಟಿಯಲ್ಲಿ ಪಾಲು ಕೇಳಲೆಂದು ನಾನು ಸೋಮೇಶ್ವರನನ್ನು ಕರೆಯುತ್ತಿಲ್ಲ. ರಸಗುಲ್ಲ ಕಲ್ಯಾಣದಲ್ಲಿ ಹುಟ್ಟಲಿಲ್ಲ. ಹೇಳಬೇಕಾದದ್ದು ಇಷ್ಟೇ: ಹಾಲೊಡೆಸಿ ಸಿಹಿ ಮಾಡುವ ಬುದ್ಧಿ ಒಂದು ಪ್ರಾಂತದ ಗುತ್ತಿಗೆಯಾಗಿರಲಿಲ್ಲ, ಒಂದು ಹಡಗಿನಲ್ಲಿ ಬಂದಿಳಿದದ್ದೂ ಅಲ್ಲ.

ಹಾಗಾದರೆ ಪನೀರ್ ಎಂಬ ಹೆಸರು? ಹೆಸರು ಪರ್ಷಿಯನ್ನಿನದು, ಸಂಶಯವಿಲ್ಲ. ಅಲ್ಲಿ ಪನೀರ್ ಎಂದರೆ ಎಲ್ಲ ಬಗೆಯ ಚೀಸು. ತುರ್ಕರ ಪೇನಿರ್ ಕೂಡ ಅದೇ ಮನೆತನದ ಮಾತು. ಕನ್ನಡಕ್ಕಂತೂ ಇದು ತೀರ ಈಚಿನ ಅತಿಥಿ. ನಮ್ಮ ಮದುವೆಮನೆಗಳಲ್ಲಿ ಚಿಮುಕಿಸುವ ಪನ್ನೀರಿಗೂ ಇದಕ್ಕೂ ನಂಟಿಲ್ಲ. ಅದರಲ್ಲಿರುವುದು ನೀರು, ಇದು ನೀರು ತೆಗೆದದ್ದು. ಆದರೆ ಹೆಸರು ಬಂದ ದಾರಿಯಲ್ಲೇ ವಿದ್ಯೆಯೂ ಬಂತೆನ್ನುವಂತಿಲ್ಲ. ಪರ್ಷಿಯಾದ ಚೀಸು ರೆನೆಟ್ಟಿನಿಂದ, ಅಂದರೆ ಎಳೆಯ ಕರು ಮರಿಗಳ ಜಠರದ ಸತ್ತ್ವದಿಂದ, ಉಗುರುಬೆಚ್ಚಗಿನ ಹಾಲಿನಲ್ಲಿ ಕಟ್ಟುವಂಥದ್ದು. ನಮ್ಮ ಪನೀರ್ ಕುದಿ ಬಂದ ಹಾಲಿಗೆ ಹುಳಿ ಹಾಕಿ ಒಡೆಸುವುದು. ಎರಡರಲ್ಲಿ ಯಾವುದು ಆಮಿಕ್ಷೆಯ ಕ್ರಮ, ಯಾವುದು ಕಲ್ಯಾಣದ ಕ್ರಮ ಎಂದು ಹೋಲಿಸಿದರೆ ಉತ್ತರ ಸ್ಪಷ್ಟ. ಪರ್ಷಿಯಾದ ಕ್ರಮ ಇಲ್ಲಿಗೆ ಬರಲೇ ಇಲ್ಲವೆಂದೂ ಅಲ್ಲ. ಸೂರತ್ತಿನ ಪಾರ್ಸಿಗಳ ಟೋಪ್ಲಿ ಪನೀರ್ ರೆನೆಟ್ಟಿನದೇ. ಪುಟ್ಟ ಬುಟ್ಟಿಗಳಲ್ಲಿ ಕಟ್ಟಿ, ಉಪ್ಪು ಬೆರೆತ ಅದರದೇ ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಅದು ಒಂದು ಸಮುದಾಯದ ರುಚಿಯಾಗಿ ಉಳಿಯಿತು. ನಾಡೆಲ್ಲ ಹಬ್ಬಿದ್ದು ಹುಳಿಯ ಪನೀರ್. ಈ ನೆಲದಲ್ಲಿ ಅಡ್ಡಿಯೆಂಬುದು ಇದ್ದಿದ್ದರೆ ಅದು ಹಾಲು ಒಡೆಸುವುದಕ್ಕಲ್ಲ, ಕರುವಿನ ಜಠರ ಬಳಸುವುದಕ್ಕೆ ಇದ್ದಿರಬೇಕು. ಹರಿವೆ ಬೇರು, ಮುತ್ತುಗದ ತೊಗಟೆಗಳ ಹುಡುಕಾಟವನ್ನು ಹೀಗೆ ನೋಡಿದಾಗಲೇ ಅದು ಸಹಜವಾಗಿ ಅರ್ಥವಾಗುತ್ತದೆ.

ಬಂಗಾಳದ ಮಾತಿಗೂ ನ್ಯಾಯ ಸಲ್ಲಿಸಬೇಕು. ಪೋರ್ಚುಗೀಸರು 16ನೇ ಶತಮಾನದ ಕೊನೆಯಿಂದ 1632ರಲ್ಲಿ ಷಹಜಹಾನನ ಸೇನೆ ಅವರನ್ನು ಹೊಡೆದೋಡಿಸುವವರೆಗೆ ಹೂಗ್ಲಿಯಲ್ಲಿ ಬಲವಾಗಿದ್ದರು. ಅವರ ಚೀಸಿನ ಹಸಿವು ಅಲ್ಲಿನ ಛೇನಾ ಕಸುಬಿಗೆ ಗಿರಾಕಿ ಒದಗಿಸಿರಬಹುದು. ಅವರ ಕುರುಹಾಗಿ ಬ್ಯಾಂಡೆಲ್ ಚೀಸು ಇವತ್ತಿಗೂ ಇದೆ. ಗಿರಾಕಿ ಕೊಟ್ಟವರು ಬೇರೆ, ವಿದ್ಯೆ ಕೊಟ್ಟವರು ಬೇರೆ. ಬಾಗ್‌ಬಜಾರಿನ ನೊಬಿನ್ ಚಂದ್ರ ದಾಸ್ 1868ರಲ್ಲಿ ಮೃದುವಾದ ರಸಗುಲ್ಲ ಮಾಡಿದ್ದನ್ನು ಬಂಗಾಳ ಕೊಂಡಾಡುತ್ತದೆ, ಅದು ಅರ್ಹವಾದ ಹೊಗಳಿಕೆ. ನನ್ನ ವಾದಕ್ಕೆ ಮುಖ್ಯವಾಗುವುದು ಬಂಗಾಳದ ಮಿಠಾಯಿಗಾರರ ಇನ್ನೊಂದು ರೂಢಿ. ನಿನ್ನೆ ಛೇನಾ ಬಸಿದ ನೀರನ್ನು ಅವರು ಚೆಲ್ಲದೆ ಎತ್ತಿಡುತ್ತಾರೆ. ನೀರಿನಲ್ಲಿರುವ ಹಾಲಿನ ಸಕ್ಕರೆ ರಾತ್ರಿ ಕಳೆಯುವುದರೊಳಗೆ ಹುಳಿಯುತ್ತದೆ. ಇಂದಿನ ಹಾಲನ್ನು ಒಡೆಸುವುದು ಆ ಹುಳಿನೀರೇ. ನಿಂಬೆಯಷ್ಟು ತೀಕ್ಷ್ಣವಲ್ಲದ ಈ ಮೆದು ಹುಳಿಯಿಂದ ಛೇನಾ ನಯವಾಗುತ್ತದೆ, ನಿಂಬೆಯ ವಾಸನೆಯೂ ಉಳಿಯುವುದಿಲ್ಲ. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ ನಿನ್ನೆಯ ನೀರು ಇಂದಿನ ಹಾಲಿಗೆ ಹುಳಿಯಾಗುತ್ತದೆ. ಕಸುಬು ತಿಳಿದವರ ಕೈಯಲ್ಲಿ ಹಾಲೊಡಕು ತ್ಯಾಜ್ಯವಲ್ಲ, ಮಾರನೆಯ ದಿನದ ಬಂಡವಾಳ.

ಕಲ್ಯಾಣದಲ್ಲಿ ಇಷ್ಟು ಚೆನ್ನಾಗಿ ಗೊತ್ತಿದ್ದ ವಿದ್ಯೆ ಕನ್ನಡ ನಾಡಿನ ಹೆಸರಾಂತ ಸಿಹಿಗಳಲ್ಲಿ ಏಕೆ ಕಾಣುವುದಿಲ್ಲ, ಇದೇ ನಿಷೇಧಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ ಎರಡೂ ಹಾಲನ್ನು ಒಡೆಸಿದವಲ್ಲ, ಇಂಗಿಸಿದವು. ಹಾಲಿನಿಂದ ನೀರು ತೆಗೆಯಲು ಎರಡೇ ದಾರಿ: ಬೆಂಕಿಯ ಮೇಲಿಟ್ಟು ಆರಿಸುವುದು, ಇಲ್ಲವೇ ಒಡೆಸಿ ಬಸಿಯುವುದು. ಮೊದಲನೆಯದಕ್ಕೆ ಗಂಟೆಗಟ್ಟಲೆ ಉರಿ ಬೇಕು, ಆದರೆ ಹಾಲಿನ ಸಕ್ಕರೆ ಪೂರ್ತಿ ಒಳಗೇ ಉಳಿದು ಕಂದುಗಟ್ಟಿ ಪರಿಮಳ ಕೊಡುತ್ತದೆ. ಪೇಡೆ ಹಲವು ದಿನ ಕೆಡದೆ ಪ್ರಯಾಣಿಸುತ್ತದೆ. ಎರಡನೆಯದು ಕೆಲವೇ ನಿಮಿಷದ ಕೆಲಸ, ಆದರೆ ತೇವ ಹೆಚ್ಚಿರುವುದರಿಂದ ಛೇನಾ ಸಂಜೆಯೊಳಗೆ ಕೆಡಲು ಶುರುವಾಗುತ್ತದೆ. ಹಾಗಾಗಿ ಒಡೆಸುವ ಕಸುಬು ಬೆಳೆಯುವುದು ಮಾಡಿದ ದಿನವೇ ತಿನ್ನುವ ಬಾಯಿಗಳು ಪಕ್ಕದಲ್ಲೇ ಇರುವ ಕಡೆ: ದೊರೆಯ ಅಡುಗೆಮನೆಯಲ್ಲಿ, ಕೋಲ್ಕತ್ತದಂಥ ದಟ್ಟ ನಗರದಲ್ಲಿ. ಹಳ್ಳಿಗಳ ಹಾಲು ದೂರದ ಸಂತೆಗೆ, ರೈಲಿನ ಊರಿಗೆ ಮುಟ್ಟಬೇಕಾದ ಕಡೆ ಖೋವಾ ಗೆಲ್ಲುತ್ತದೆ. ಮಥುರೆಯ ಪೇಡೆಗೂ ಇದೇ ವಿವರಣೆ ಒಗ್ಗುತ್ತದೆ. ಯಾತ್ರಿಕ ಊರಿಗೊಯ್ಯುವ ಪ್ರಸಾದ ದಾರಿಯಲ್ಲಿ ಹಳಸಬಾರದು. ಕೆಡುವ ವಸ್ತುವಿನ ಅರ್ಥಶಾಸ್ತ್ರದಿಂದ ಬಿಡಿಸಬಹುದಾದ ಒಗಟಿಗೆ ಪಾಪದ ವಿವರಣೆ ತರಬೇಕಾಗಿಲ್ಲ.

ನಿಜವಾದ ಬದಲಾವಣೆ ಬಂದದ್ದು ಕಳೆದ ಎಪ್ಪತ್ತೈದು ವರ್ಷಗಳಲ್ಲಿ. 1947ರ ದೇಶವಿಭಜನೆಯ ನಂತರ ದೆಹಲಿಗೆ ಬಂದ ಪಂಜಾಬಿ ನಿರಾಶ್ರಿತರ ಹೋಟೆಲುಗಳ ಮೂಲಕ ಪನೀರಿನ ಅಡುಗೆ ದೇಶವೆಲ್ಲ ಹರಡಿತು. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್ ಯೋಜನೆ ಹಾಲನ್ನು ಹೊಳೆಯಾಗಿ ಹರಿಸಿತು. ನಮ್ಮಲ್ಲಿ 1974ರ ಡೈರಿ ಅಭಿವೃದ್ಧಿ ನಿಗಮ, 1984ರಿಂದ ಕರ್ನಾಟಕ ಹಾಲು ಮಹಾಮಂಡಳ ಆ ಕೆಲಸ ಹೊತ್ತವು. ಈಗ ಸಸ್ಯಾಹಾರಿ ಮದುವೆಯೂಟದಲ್ಲಿ, ಹೆದ್ದಾರಿ ಬದಿಯ ದಾಬಾದಲ್ಲಿ ಪನೀರ್ ಇಲ್ಲದ ಎಲೆ ಅಪರೂಪ. ಗಟ್ಟಿ ಪೊಟ್ಟಣದಲ್ಲಿ ಮನೆಗೆ ಬಂದದ್ದರಿಂದ ನೀರು ನಮ್ಮ ಕಣ್ಣಿನಿಂದ ಮರೆಯಾಯಿತು. ಹತ್ತು ಕಿಲೋ ಪನೀರಿನ ಹಿಂದೆ ನಲವತ್ತು ಲೀಟರಿನಷ್ಟು ಹಾಲೊಡಕು ಎಲ್ಲೋ ಹರಿದಿರುತ್ತದೆ. ದೊಡ್ಡ ಡೈರಿಗಳು ಅದನ್ನು ಸಂಸ್ಕರಿಸಬಲ್ಲವು. ಸಣ್ಣ ಘಟಕಗಳ ಪಾಲಿಗೆ ಸಿಗುವುದು ಚರಂಡಿ. ಊರಿನ ಕೊಳಚೆ ಕೊಳೆಯಲು ಒಂದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಆಮ್ಲಜನಕ ಬೇಕಾದರೆ ಹಾಲೊಡಕಿಗೆ ಮೂವತ್ತು ಸಾವಿರ ಮಿಲಿಗ್ರಾಮಿಗೂ ಮೇಲೆ ಬೇಕು. ಕೆರೆಗೆ ಸೇರಿದರೆ ಮೀನಿನ ಉಸಿರನ್ನೇ ಅದು ಕುಡಿದುಬಿಡುತ್ತದೆ. ವಿಷವಾದದ್ದರಿಂದಲ್ಲ, ಸಮೃದ್ಧವಾದದ್ದರಿಂದ ಅದು ನೀರನ್ನು ಕೆಡಿಸುತ್ತದೆ. ಅದರಲ್ಲಿ ಆಹಾರ ಉಳಿದಿದೆ ಎಂಬುದಕ್ಕೆ ಕೆರೆಯೇ ಸಾಕ್ಷಿ ಹೇಳುತ್ತದೆ.

ಈ ನೀರನ್ನು ಹೊಗಳುವಾಗ ಸುಳ್ಳು ಬೆರೆಸಬಾರದು. ವ್ಯಾಯಾಮಶಾಲೆಗಳಲ್ಲಿ ದುಬಾರಿ ಡಬ್ಬಿಯಲ್ಲಿ ಮಾರುವ ಹಾಲೊಡಕಿನ ಪ್ರೋಟೀನೇ ಮನೆಯ ಪನೀರ್ ನೀರಿನಲ್ಲೂ ತುಂಬಿದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದು ಸರಿಯಲ್ಲ. ಆ ಪುಡಿ ರೆನೆಟ್ಟಿನ ಚೀಸು ಮಾಡಿದಾಗ ಉಳಿಯುವ ನೀರಿನದು. 1970ರ ದಶಕದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಸೋಸುವ ತಂತ್ರ ಬಂದ ಮೇಲೆಯೇ ಅದು ವ್ಯಾಪಾರವಾದದ್ದು. ಅಲ್ಲಿಯ ತನಕ ಆ ಚೀಸು ಮಾಡುವವರೂ ಅದನ್ನು ಹಂದಿಗಳಿಗೆ ಹಾಕುತ್ತಿದ್ದರು, ಹೊಳೆಗೆ ಬಿಡುತ್ತಿದ್ದರು. ನಾವು ಹಾಲನ್ನು ಕುದಿಸುತ್ತೇವೆ. ಕುದಿಯಲ್ಲಿ ಆ ಪ್ರೋಟೀನಿನ ಬಹುಪಾಲು ಬೆಂದು ಗಟ್ಟಿಯೊಡನೆ ಸೇರಿಕೊಳ್ಳುತ್ತದೆ. ಆದ್ದರಿಂದ ನಮ್ಮ ಕ್ರಮದಲ್ಲಿ ಗಟ್ಟಿ ಹೆಚ್ಚು, ನೀರಿನಲ್ಲಿ ಪ್ರೋಟೀನು ಕಡಿಮೆ, ಶೇಕಡಾ ಅರ್ಧದಷ್ಟೂ ಇರುವುದಿಲ್ಲ. ಹಾಗೆಂದು ಅದು ಬರಿ ನೀರಲ್ಲ. ಹಾಲಿನ ಸಕ್ಕರೆಯ ಬಹುಪಾಲು, ಅಂದರೆ ಶೇಕಡಾ ಐದರ ಆಸುಪಾಸು, ಹುಳಿಯಲ್ಲಿ ಕರಗಿ ಇಳಿದ ಸುಣ್ಣದ ಅಂಶ, ಪೊಟ್ಯಾಸಿಯಂ, ಆ ಹಸಿರು ಛಾಯೆಯ ಬಿ2 ಎಲ್ಲ ಅದರಲ್ಲಿವೆ. ಹಾಲು ಅರಗದವರಿಗೆ ಅದರ ಸಕ್ಕರೆಯೂ ಅರಗುವುದಿಲ್ಲ ಎಂಬುದನ್ನು ಮರೆಯಬಾರದು. ಮಿಕ್ಕವರಿಗೆ ಅದು ಔಷಧವೂ ಅಲ್ಲ, ಕಸವೂ ಅಲ್ಲ. ಒಂದು ಒಳ್ಳೆಯ ಅಡುಗೆನೀರು.

ಇದ್ದಕ್ಕಿದ್ದಂತೆ ಹೊಸ ಅಭ್ಯಾಸವೊಂದನ್ನು ಕಲಿಯಿರಿ ಎಂದು ಕನ್ನಡದ ಅಡುಗೆಮನೆಗೆ ಹೇಳಬೇಕಾಗಿಲ್ಲ. ಬಸಿದ ನೀರಿಗೆ ಮರ್ಯಾದೆ ಕೊಡುವುದರಲ್ಲಿ ಅದು ಎತ್ತಿದ ಕೈ. ಮಂಡ್ಯ, ಮೈಸೂರು, ಹಾಸನದ ಕಡೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರೇ ಬಸ್ಸಾರು. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟು ಉತ್ತರ ಕರ್ನಾಟಕದಲ್ಲಿ ಕಟ್ಟಿನ ಸಾರು, ಹಳೆ ಮೈಸೂರಿನಲ್ಲಿ ಒಬ್ಬಟ್ಟಿನ ಸಾರು. ಎಷ್ಟೋ ಮನೆಗಳಲ್ಲಿ ಹೋಳಿಗೆಗಿಂತ ಆ ಸಾರಿಗೇ ಹೆಚ್ಚು ಗಿರಾಕಿ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ದನದ ಬಾನಿಗೆ ಸೇರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಉದಾಹರಣೆ ಮಜ್ಜಿಗೆ. ಬೆಣ್ಣೆ ತೆಗೆದ ಮೇಲೆ ಉಳಿದ ನೀರೇ ಅದು. ಮೀಮಾಂಸಕರ ಲೆಕ್ಕದಲ್ಲಿ ಉದ್ದೇಶವಲ್ಲದೆ ಜೊತೆಗೆ ಬಂದದ್ದು. ಅದನ್ನು ತ್ಯಾಜ್ಯವೆಂದು ಕರೆಯುವ ಎದೆಗಾರಿಕೆ ಯಾರಿಗಿದೆ? ಮಜ್ಜಿಗೆಗೆ ಸಿಕ್ಕ ಸ್ಥಾನ ಹಾಲೊಡಕಿಗೆ ಸಿಗದಿರಲು ಗುಣ ಕಾರಣವಲ್ಲ, ಪರಿಚಯದ ಕೊರತೆ ಕಾರಣ. ನೀರುಮಜ್ಜಿಗೆಯಂತೆ ಶುಂಠಿ, ಇಂಗು, ಕರಿಬೇವು, ಉಪ್ಪು ಬಿದ್ದರೆ ಅದು ಬೇಸಿಗೆಯ ಪಾನೀಯ. ಚಪಾತಿ ಹಿಟ್ಟು ಕಲಸಿದರೆ ಚಪಾತಿ ಮೃದು. ತಿಳಿಸಾರಿಗೆ ಹಾಕಿದರೆ ಹುಣಸೆಹುಳಿ ಅಷ್ಟು ಕಡಿಮೆ ಸಾಕು. ಒಂದು ಬಟ್ಟಲು ಎತ್ತಿಟ್ಟರೆ ನಾಳೆಯ ಹಾಲಿಗೆ ನಿಂಬೆ ಬೇಡ.

ಒಂದು ಮನೆಯ ಮುಕ್ಕಾಲು ಲೀಟರ್ ನೀರು ಉಳಿದರೆ ಕೆರೆ ಉಳಿದೀತೇ ಎಂದು ಕೇಳಿದರೆ, ಉಳಿಯುವುದಿಲ್ಲ ಎಂದೇ ಉತ್ತರ. ಆ ಭಾರ ಹೊರಬೇಕಾದವರು ದಿನಕ್ಕೆ ಸಾವಿರಾರು ಲೀಟರ್ ಹಾಲು ಒಡೆಸುವ ಘಟಕಗಳು, ಅವಕ್ಕೆ ಪರವಾನಗಿ ಕೊಡುವ ಅಧಿಕಾರಿಗಳು. ಆದರೆ ಕಾರ್ಖಾನೆಯಿಂದ ಲೆಕ್ಕ ಕೇಳುವ ಬಾಯಿಗೆ ಮೊದಲು ಆ ನೀರಿನ ಬೆಲೆ ಗೊತ್ತಿರಬೇಕು, ಅದು ಗೊತ್ತಾಗುವುದು ಒಲೆಯ ಮುಂದೆಯೇ. ವಾಜಿನಕ್ಕೊಂದು ದೇವತೆಯನ್ನು ಕೊಟ್ಟ, ಹರಿವೆ ಬೇರಿನಿಂದ ಹಾಲು ಕಟ್ಟುವುದನ್ನು ಕನ್ನಡದಲ್ಲಿ ಬರೆದಿಟ್ಟ, ಬಸಿದ ನೀರಿಗೆ ಬಸ್ಸಾರೆಂದು ಹೆಸರಿಟ್ಟ ನಾಡು ಇದು. ಮುಂದಿನ ಸಲ ಮನೆಯಲ್ಲಿ ಹಾಲು ಒಡೆಸುವಾಗ ಸೋಸುವ ಬಟ್ಟೆಯ ಕೆಳಗೆ ಒಂದು ಅಗಲವಾದ ಪಾತ್ರೆ ಇಡಿ. ಚರಿತ್ರೆಯ ಅರ್ಧ ಭಾಗ ಅದರೊಳಗೆ ಇಳಿಯುತ್ತದೆ.